ಮಾರ್ಕೆಟ್ಟಿನ ಅರಳಿಮರ

ಬಿ.ಎಸ್ಸಿ. ಓದುವ ಹುಡುಗಿ ಕುಣಿಯುತ್ತಲೇ ಮೇಷ್ಟ್ರ ಕೋಣೆಗೆ ನುಗ್ಗಿದಳು. ನಗರದ ಸೆಕೆ ಅಳೆಯುವ ಪ್ರಾಜೆಕ್ಟಿಗೆಂದು ಅವಳು ಹೋದ ವಾರ ಸರ್ಕಲ್ಲು, ಮಾರ್ಕೆಟ್ಟುಗಳಲ್ಲೆಲ್ಲ ಹಸಿರು ದೀಪ ಮಿನುಗುವ ಬಿಳಿ ಡಬ್ಬಿಗಳನ್ನು ಕಟ್ಟಿ ಬಂದಿದ್ದಳು.

"ಸರ್, ಮಾರ್ಕೆಟ್ಟಿನ ಅರಳಿಮರದ ಕೆಳಗೆ ಬೇರೆ ಕಡೆಗಿಂತ ಒಂಬತ್ತು ಡಿಗ್ರಿ ಕಡಿಮೆ ಇದೆ. ಒಂದೇ ಒಂದು ಮರ, ಸರ್."

"ಅದೇನು ಮರಾನೋ ಫ್ರಿಜ್ಜೋ? ನಾಳೆ ಸೆಮಿನಾರಲ್ಲಿ ಹೇಳೋಕ್ ಮುಂಚೆ ಹೋಗಿ ಡಬ್ಬಿ ನೋಡ್ಕೊಂಡ್ ಬಾ."

ಹುಡುಗಿಯ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲೇ ಬಹುಮಾನದ ಭಾಷಣ ಸಿದ್ಧವಾಯಿತು. ಮರದ ಬುಡಕ್ಕೆ ಬಂದು ಡಬ್ಬಿಗೆ ಕೈ ಚಾಚಿದ್ದೇ ತಡ, ಅಲ್ಲೇ ಕೂತಿದ್ದ ಹೂವಿನವಳು ಗದರಿದಳು.

"ಚಪ್ಪಲಿ ಬಿಟ್ಟು ಮುಟ್ಟವ್ವ. ಹೋದ ವಾರ ತಾನಾಗೇ ಮೂಡಿರೋ ಸ್ವಾಮಿ, ಕಣ್ಣು ಬೇರೆ ಮಿಟುಕಿಸ್ತಾನೆ. ಹೂವಿಗೆ ನೀರು ಚಿಮುಕಿಸ್ದಾಗೆಲ್ಲ ಅವನ ನೆತ್ತಿಗೂ ಒಂದು ಚೊಂಬು ಹುಯ್ತೀನಿ."