ಖಾಲಿ ಕೋಣೆ

ಹಬ್ಬದ ಊಟಕ್ಕೆ ಕೂತಾಗಲೆಲ್ಲ ವಿಭಾಳ ಮುಂಬೈ ಮಾವನಿಗೂ ಬೆಂಗಳೂರಿನ ಚಿಕ್ಕಪ್ಪನಿಗೂ ಒಂದೇ ವಾದ. ಬದುಕಿ ಬೆಳೆಯಲು ಯಾವ ಊರು ಮೇಲು?

"ನಿಮ್ಮ ಬೆಂಗಳೂರಲ್ಲಿ ಹೊತ್ತಿಗೆ ಸರಿಯಾಗಿ ಎಲ್ಲಿಗಾದ್ರೂ ತಲುಪಿದವರಿದ್ದಾರಾ?" ಮಾವ ಹೋಳಿಗೆ ಮುರಿಯುತ್ತ ಕೆಣಕಿದರು. "ನಮ್ಮ ಲೋಕಲ್ ರೈಲು ಮನುಷ್ಯನಿಗೆ ಶಿಸ್ತು ಕಲಿಸುತ್ತೆ. ಹೆಣ್ಣುಮಕ್ಕಳು ಎಷ್ಟು ಹೊತ್ತಾದ್ರೂ ಧೈರ್ಯವಾಗಿ ಮನೆಗೆ ಬರ್ತಾರೆ."

"ಬಂದು ಮಲಗೋದೆಲ್ಲಿ, ಭಾವ? ನಿಮ್ಮ ಮನೇಲಿ ಕಾಲು ಚಾಚಿದ್ರೆ ಒಲೆ ತಗಲುತ್ತೆ. ನಮ್ಮಲ್ಲಿ ಒಂದು ಕೋಣೆ ಸುಮ್ನೆ ಖಾಲಿ ಬಿದ್ದಿದೆ. ಕಿಟಕಿ ತೆಗೆದ್ರೆ ಸಂಪಿಗೆ ಮರ."

ಬಡಿಸುತ್ತಿದ್ದ ವಿಭಾ ತುಪ್ಪದ ಬಟ್ಟಲನ್ನು ಕೆಳಗಿಟ್ಟಳು.

"ನನಗೆ ಎರಡೂ ಊರಲ್ಲಿ ಎಂ.ಎಸ್‌ಸಿ ಸೀಟು ಸಿಕ್ಕಿದೆ. ಹಾಸ್ಟೆಲ್ ಎರಡು ಕಡೆಯೂ ಸಿಗಲಿಲ್ಲ. ನಿಮ್ಮಿಬ್ಬರಲ್ಲಿ ಯಾರ ಮನೇಲಾದ್ರೂ ಇರೋದಾದ್ರೆ ಮಾತ್ರ ಓದು, ಇಲ್ಲದಿದ್ರೆ ಬೇಡ ಅಂದಿದ್ದಾರೆ ಅಪ್ಪ. ನಾನು ಎಲ್ಲಿಗೆ ಬರ್ಲಿ?"

ಬಾಗಿಲಲ್ಲಿ ನಿಂತಿದ್ದ ಅವಳ ಅಮ್ಮ ಇಬ್ಬರ ಮುಖವನ್ನೂ ನೋಡಿದಳು. ಇಬ್ಬರೂ ತಮ್ಮ ತಮ್ಮ ಎಲೆಯನ್ನು ನೋಡುತ್ತಿದ್ದರು.

"ಪಕ್ಷಪಾತ ಮಾಡದೆ ಹೇಳ್ಬೇಕಂದ್ರೆ," ಮಾವ ಗಂಟಲು ಸರಿಮಾಡಿಕೊಂಡರು, "ಓದೋಕೆ ಬೆಂಗಳೂರೇ ಸರಿ. ಆ ಲೋಕಲ್ ರೈಲಿನ ನೂಕುನುಗ್ಗಲು ಹೆಣ್ಣುಮಕ್ಕಳಿಗೆ ಆಗೋದಲ್ಲ. ಅಲ್ಲಿ ಕೋಣೆನೂ ಖಾಲಿ ಇದೆಯಂತಲ್ಲ."

ಚಿಕ್ಕಪ್ಪ ನಿಧಾನವಾಗಿ ತಲೆಯಾಡಿಸಿದರು.

"ಇಲ್ಲ ಭಾವ, ಈ ಸಲ ನೀವೇ ಗೆದ್ರಿ. ಇಕ್ಕಟ್ಟಾದ ಮನೇಲಿದ್ದು ಓದಿದವರೇ ಮುಂದೆ ಬರೋದು."