ನಾಲ್ಕು ಗುಳಿಯ ತಟ್ಟೆ

ಪಕ್ಕದ ಮನೆಯ ವಿಮಲಮ್ಮ ಹಿತ್ತಲ ಬಾಗಿಲಲ್ಲೇ ನಿಂತು ಮೂರು ಸಲ ಕೆಮ್ಮಿದರು. ಹಿಂದಿನ ದಿನವಷ್ಟೇ ತೀರಿಕೊಂಡ ಕಾಂತರಾಜ್‌ನ ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ್ದರು. ತರೀಕೆರೆಯ ಆ ಮನೆಯಲ್ಲಿ ಸ್ಫೂರ್ತಿ ತನಗೊಬ್ಬಳಿಗೇ ಹಾಲು ಕಾಯಿಸಿದ ಮೊದಲ ಬೆಳಗು ಅದು. ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತಿತ್ತು. ಅವಳು ನೋಡುತ್ತ ನಿಂತಿದ್ದಳು.

“ಒಲೆ ಆರ್ಸೇ ತಾಯಿ,” ಎಂದು ವಿಮಲಮ್ಮನೇ ಒಳಗೆ ಬಂದು ಗ್ಯಾಸ್ ತಿರುಗಿಸಿದರು. “ಇವತ್ತು ಕೇಳ್ಬಾರ್ದು ಕಣೇ, ನಾಲಿಗೆ ಏಳ್ತಿಲ್ಲ. ಆದ್ರೆ ಸಂಜೆ ಕಡೂರಿಂದ ಬೀಗ್ರು ಬತ್ತಾವ್ರೆ.”

“ಏನು ಬೇಕಿತ್ತಜ್ಜಿ?”

“ನಮ್ಮ ಇಡ್ಲಿ ತಟ್ಟೆ. ‘ಒಂದೇ ದಿನ ಅಜ್ಜಿ’ ಅಂತ ನಿನ್ನ ಗಂಡ ಇಸ್ಕಂಡು ಹೋದ. ತಿಂಗ್ಳಾಯ್ತು. ಅವತ್ತಿಂದ ಮೂರು ತಟ್ಟೆ ಇದ್ದಿದ್ದು ಎರಡಾಗಿ, ಎಂಟೆಂಟೇ ಇಡ್ಲಿ ಬೇಯ್ತಾವೆ. ನಮ್ಮ ಯಜಮಾನ್ರು ಎರಡನೇ ಸರ್ತಿ ಬೇಯೋವರ್ಗೂ ಚಟ್ನಿ ನೆಕ್ಕಂಡು ಕೂತಿರ್ತಾರೆ.”

ತಟ್ಟೆ ಎಲ್ಲಿದೆಯೆಂದು ಸ್ಫೂರ್ತಿಗೆ ಗೊತ್ತಿತ್ತು. ಹನ್ನೊಂದು ದಿನದಿಂದ ಅವಳು ಕಾಲಿಡದ ಮುಂದಿನ ಕೋಣೆಯಲ್ಲಿ, ಬಿಚ್ಚಿಟ್ಟ ಕಂಪ್ಯೂಟರಿನ ಪಕ್ಕದಲ್ಲಿ. ಆ ಕಂಪ್ಯೂಟರು ನಲವತ್ತು ವರ್ಷದ ಹಿಂದಿನದು. ಕೀಲಿಮಣೆಯ ಹೊಟ್ಟೆಯಲ್ಲೇ ಇಡೀ ಯಂತ್ರ. ಟಿವಿಗೆ ಸಿಕ್ಕಿಸಿ, ಪ್ರೋಗ್ರಾಮನ್ನು ಕ್ಯಾಸೆಟ್ಟಿನಿಂದ ತುಂಬಬೇಕು. ಅಜ್ಜಂಪುರದ ನಿವೃತ್ತ ಗಣಿತದ ಮೇಷ್ಟ್ರು ಈರಭದ್ರಪ್ಪ ಅದನ್ನು ಟವೆಲಿನಲ್ಲಿ ಸುತ್ತಿ ತಂದುಕೊಟ್ಟಿದ್ದರು. ಸುತ್ತಮುತ್ತ ಅಂಥವನ್ನು ಬದುಕಿಸುತ್ತಿದ್ದವನು ಕಾಂತರಾಜ್ ಒಬ್ಬನೇ. ಎಲೆಕ್ಟ್ರಾನಿಕ್ಸ್ ಎಂ.ಎಸ್ಸಿ. ಮಾಡಿದ್ದು ಅವಳು, ಕೈ ಅವನದು. ಅವಳು ಸರ್ಕ್ಯೂಟಿನ ನಕ್ಷೆ ಬರೆದುಕೊಟ್ಟರೆ ಅವನು ಸೀಸ ಕರಗಿಸಿ ತಂತಿ ಬೆಸೆಯುತ್ತಿದ್ದ.

ಅವಳು ಬಾಗಿಲು ತೆರೆದಾಗ ವಿಮಲಮ್ಮನೂ ಹಿಂದೆಯೇ ಬಂದರು. ತಟ್ಟೆಯ ನಾಲ್ಕು ಗುಳಿಗಳಲ್ಲೂ ಸ್ಕ್ರೂಗಳು.

“ಅಯ್ಯೋ ಶಿವನೇ, ಇದಕ್ಕಾ ಇಸ್ಕಂಡಿದ್ದು? ಒಂದು ಡಬ್ಬಕ್ಕೆ ಸುರಿದ್ಬಿಡೇ, ತಟ್ಟೆ ನಾನೇ ತೊಳ್ಕಂತೀನಿ.” ಅವರ ಕೈ ಆಗಲೇ ಅಂಚು ಹಿಡಿದಿತ್ತು.

“ಮುಟ್ಬೇಡಿ!”

ಹನ್ನೊಂದು ದಿನದಲ್ಲಿ ಅವಳ ದನಿ ಅಷ್ಟು ಏರಿದ್ದು ಅದೇ ಮೊದಲು. ವಿಮಲಮ್ಮ ಕೈ ತೆಗೆದರು.

“ಸುರಿದ್ರೆ ಯಾವ್ದು ಎಲ್ಲೀದು ಅಂತ ಗೊತ್ತಾಗಲ್ಲ ಅಜ್ಜಿ,” ಎಂದಳು, ಮೆಲ್ಲಗೆ. ತಿಂಗಳ ಹಿಂದೆ ಕಾಂತರಾಜ್ ಇನ್ನೊಬ್ಬರ ಯಂತ್ರದಲ್ಲಿ ಗಿಡ್ಡ ಸ್ಕ್ರೂ ಹೋಗಬೇಕಾದಲ್ಲಿ ಉದ್ದದ್ದನ್ನು ತಿರುಗಿಸಿ ಬೋರ್ಡನ್ನೇ ತೂತು ಮಾಡಿದ್ದ. ಎರಡು ದಿನ ಅನ್ನ ಸೇರಿರಲಿಲ್ಲ. ಮೂರನೆಯ ದಿನ ಈ ತಟ್ಟೆ ತಂದ. ಮೊದಲು ಬಿಚ್ಚಿದ್ದು ಮೊದಲ ಗುಳಿಗೆ, ಕೊನೆಗೆ ಬಿಚ್ಚಿದ್ದು ನಾಲ್ಕನೆಯದಕ್ಕೆ. ಬಿಚ್ಚುವಾಗ ಒಂದರಿಂದ, ಜೋಡಿಸುವಾಗ ನಾಲ್ಕರಿಂದ. ಡಬ್ಬಕ್ಕೆ ಸುರಿದರೆ ಅವನು ಕೊನೆಯದಾಗಿ ಮಾಡಿಟ್ಟ ಕೆಲಸ ಬರೀ ಒಂದು ಹಿಡಿ ಕಬ್ಬಿಣ. ತಟ್ಟೆ ಖಾಲಿಯಾಗಲು ದಾರಿ ಒಂದೇ ಇತ್ತು.

“ಮಧ್ಯಾಹ್ನದೊಳಗೆ ತಂದ್ಕೊಡ್ತೀನಿ.”

“ಇದನ್ನೆಲ್ಲ ಜೋಡ್ಸಿನಾ? ನಿಂಗೆ ಬತ್ತದಾ?”

“ನೋಡೋಣ.”

“ಬರ್ದಿದ್ರೆ ಬ್ಯಾಡ ಕಣೇ. ಉಪ್ಪಿಟ್ಟು ಕೆದಕ್ತೀನಿ. ಬೀಗ್ರು ಬೈಕಂಡ್ರೆ ಬೈಕಳ್ಳಿ,” ಎಂದು ವಿಮಲಮ್ಮ ಹೋದರು.

ಕೆಟ್ಟ ಚಿಪ್ಪನ್ನು ಅವನು ಆಗಲೇ ಬದಲಿಸಿದ್ದ. ಕ್ಯಾಸೆಟ್ಟಿನ ಬದಲು ಉಗುರಗಲದ ಮೆಮೊರಿ ಕಾರ್ಡಿನಿಂದ ಪ್ರೋಗ್ರಾಂ ಓದುವ ಪುಟ್ಟ ಬೋರ್ಡೂ ಸಿದ್ಧವಿತ್ತು. ಅದರ ನಕ್ಷೆ ಅವಳದೇ. ಎರಡು ತಂತಿ ಬೆಸೆಯುವುದಷ್ಟೇ ಬಾಕಿ. ಮೊದಲ ಸಲ ಸೀಸ ಹಿಡಿಯದೆ ಗೋಲಿಯಾಗಿ ಮೇಜಿನ ಮೇಲೆ ಉರುಳಿತು. ‘ಸೀಸ ಕಾಯ್ಸೋದಲ್ಲ ಕಣೇ, ತಂತಿ ಕಾಯ್ಸು’ ಎಂದು ಅವನು ಎಷ್ಟು ಸಲ ಹೇಳಿದ್ದ. ತಂತಿ ಕಾಯಿಸಿದಳು. ಸೀಸ ತಾನಾಗಿ ಹರಿದು ಕೂತಿತು.

ಆಮೇಲೆ ನಾಲ್ಕನೆಯ ಗುಳಿ: ಒಂದೇ ಸ್ಕ್ರೂ. ಅದನ್ನೆತ್ತಿದಾಗ ಕೆಳಗೆ ಏನೋ ಕಂಡಿತು. ಗುಳಿಯ ತಳದಲ್ಲಿ ಮೊಳೆಯಿಂದ ಒತ್ತಿದ ನಾಲ್ಕು ಚುಕ್ಕೆ. ಮೂರನೆಯದರ ತಳದಲ್ಲಿ ಮೂರು, ಎರಡನೆಯದರಲ್ಲಿ ಎರಡು. ಎರವಲು ತಂದ ತಟ್ಟೆಗೆ ಮೊಳೆ ಹೊಡೆದಿದ್ದ ಮಹಾರಾಯ! ಮೊದಲ ಗುಳಿಯ ಐದು ಉದ್ದನೆಯ ಸ್ಕ್ರೂಗಳನ್ನು ಬಿಗಿದು, ಟಿವಿಗೆ ಸಿಕ್ಕಿಸಿ, ಕಾರ್ಡ್ ತೂರಿಸಿದಳು. ಐದು ನಿಮಿಷ ಕ್ಯಾಸೆಟ್ಟು ಕಿರುಚಬೇಕಾಗಿದ್ದ ಜಾಗದಲ್ಲಿ ಒಂದೇ ಉಸಿರಿಗೆ, ಮೇಷ್ಟ್ರು ಹಿಂದೆಂದೋ ಮಕ್ಕಳಿಗಾಗಿ ಬರೆದಿದ್ದ ಮಗ್ಗಿಯ ಪ್ರೋಗ್ರಾಂ ತೆರೆದುಕೊಂಡಿತು. ಹದಿಮೂರರ ಮಗ್ಗಿ ಪೂರ್ತಿ ಮೇಲೇರಿ ಮುಗಿಯುವವರೆಗೂ ಅವಳು ಕೂತು ನೋಡಿದಳು.

ತಟ್ಟೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಮೂರು ಸಲ ಕುದಿನೀರಲ್ಲಿ ಅದ್ದಿ ಒಯ್ದಳು. “ಅವ್ರು ಗುಳೀಲಿ ಚುಕ್ಕೆ ಹೊಡ್ದಿದ್ದಾರೆ ಅಜ್ಜಿ. ಹೊಸದು ತಂದ್ಕೊಡ್ತೀನಿ.”

ವಿಮಲಮ್ಮ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ತೂತಾಗಿದ್ಯಾ?”

“ಇಲ್ಲ.”

“ಮತ್ತಿನ್ನೇನು!” ಎಂದು ಎಣ್ಣೆ ಸವರಿ ಹಿಟ್ಟು ಹುಯ್ದರು. “ಬೀಗ್ರಿಗೆ ಮೊದ್ಲು ನಾವು ರುಚಿ ನೋಡೋದು ಬ್ಯಾಡ್ವಾ?”

ಬೆಂದ ಇಡ್ಲಿಗಳನ್ನು ತೆಗೆದು ಬೋರಲು ಹಾಕಿದ ವಿಮಲಮ್ಮ ಕಣ್ಣು ಕಿರಿದು ಮಾಡಿದರು. “ಇದೇನೇ ಇದು, ಇಡ್ಲಿಗೆ ಮೊಡವೆ ಎದ್ದಾವೆ! ಬೀಗ್ರಿಗೆ ಏನಂತ ಹೇಳ್ಲಿ?”

“ನಂಬರ್ರು ಅನ್ನಿ,” ಎಂದ ಸ್ಫೂರ್ತಿಗೆ ನಗು ಬಂದುಬಿಟ್ಟಿತು.

“ನಗು, ನಗು. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ತಗೋ.” ನಾಲ್ಕನ್ನೂ ಅವಳ ಮುಂದಿಟ್ಟು ವಿಮಲಮ್ಮ ಚಟ್ನಿಗೆ ಎದ್ದರು.

ಸ್ಫೂರ್ತಿ ಇಡ್ಲಿಗಳನ್ನು ಸಾಲಾಗಿ ಜೋಡಿಸಿಕೊಂಡು, ನಾಲ್ಕು ಚುಕ್ಕೆಯದನ್ನು ಮೊದಲು ಎತ್ತಿಕೊಂಡಳು.