ಮುತ್ತಜ್ಜನ ಅಪ್ಪ

ನಿಶ್ಚಯದ ವೀಳ್ಯ ಹಂಚುವ ಮೊದಲು ಹೆಳವನನ್ನು ಕರೆಸಿ ಎರಡೂ ಮನೆಗಳ ವಂಶಾವಳಿ ಹೇಳಿಸುವುದು ಆ ಊರಿನ ರೂಢಿ. ಜೂಲು ಹೊದಿಸಿದ ಎತ್ತಿನ ಮೇಲೆ ಬಂದಿಳಿದ ಹೆಳವ ಗಂಟೆ ಬಾರಿಸುತ್ತ ತಲೆಮಾರುಗಳನ್ನು ಹಾಡುತ್ತಿದ್ದವನು ತಟ್ಟನೆ ನಿಂತ.

"ಹುಡುಗನ ಮುತ್ತಜ್ಜ, ಹುಡುಗಿ ಮುತ್ತಜ್ಜ, ಇಬ್ರೂ ಒಬ್ಬ ಅಪ್ಪನ ಮಕ್ಕಳು. ಇವ್ರು ಅಣ್ಣ-ತಂಗಿ ಆಗ್ತಾರ್ರೀ."

ಹುಡುಗನ ಕಡೆಯವರು ಎದ್ದು ಹೋದರು. ಹುಡುಗಿಯ ಅಪ್ಪ ಫಕ್ಕೀರಪ್ಪ ತಲೆ ತಗ್ಗಿಸಿ ಕೂತಲ್ಲೇ ಕೂತ.

"ನಮ್ಮ ಮುತ್ತಜ್ಜ ಪ್ಲೇಗಿನ ವರ್ಷ ದಾರ್‍ಯಾಗ ಸಿಕ್ಕ ಕೂಸು, ಅವನ ಅಪ್ಪ ಯಾರಂತ ಯಾರಿಗೂ ಗೊತ್ತಿಲ್ಲ ಅಂತಿದ್ಲು ಆಯಿ," ಎಂದಳು ಮಗಳು ನೀಲಾ. "ಈ ಹೆಳವಗ ಹೆಂಗ ಗೊತ್ತಾತಪ್ಪಾ?"

"ಹೆಳವನ ಮಾತು ಸುಳ್ಳಾಗೂದಿಲ್ಲವ್ವಾ," ಎಂದ ಫಕ್ಕೀರಪ್ಪನಿಗೆ ಅವಳ ಮುಖ ನೋಡಲಾಗಲಿಲ್ಲ.

ಹೊರಗೆ ಹೆಳವ ಎತ್ತನ್ನೇರಿ ಹೊರಟಿದ್ದ. ಎತ್ತು ಬೀದಿಗಿಳಿಯದೆ ಸೀದಾ ಹಿತ್ತಲ ಕೊಟ್ಟಿಗೆಗೆ ನಡೆದು, ಖಾಲಿ ಗೋದಲಿಯ ಮುಂದೆ ನಿಂತುಬಿಟ್ಟಿತು. ಹೆಳವ ಎಷ್ಟು ಜಗ್ಗಿದರೂ ಕದಲಲಿಲ್ಲ. ನೀಲಾ ಹೋಗಿ ಜೂಲು ಸರಿಸಿ ಗಂಗೆದೊಗಲು ಸವರಿದಳು. ಎತ್ತು ಅವಳ ಕೈ ನೆಕ್ಕಿತು.

"ಅಪ್ಪಾ, ಇದು ನಮ್ಮ ಎತ್ತು! ಹ್ವಾದ ವರ್ಷ ಸಂತ್ಯಾಗ ಮಾರಿ ಬಂದೆ ಅಂದಿದ್ದಿ. ಹೆಳವಗ ಯಾಕ ಕೊಟ್ಟಿ?"

ಫಕ್ಕೀರಪ್ಪ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ.

"ಮುತ್ತಜ್ಜನ್ನ ಯಾವದಾದ್ರೂ ದೊಡ್ಡ ಮನಿತನಕ್ಕ ಹಚ್ಚು ಅಂತ ಕೊಟ್ಟೆ, ಮಗಳ. ನಿನಗ ಚಲೋ ಸಂಬಂಧ ಬರಲಿ ಅಂತ."